ಅಬೊರಿಜಿನಲ್ ಸಸ್ಯೌಷಧ ಜ್ಞಾನವನ್ನು ಎಲ್ಲಿಡಬೇಕು? ದತ್ತಸಂಚಯ ಆರಿಸುವವರಿಗೊಂದು ಹೋಲಿಕೆ

ಔಷಧೀಯ ಸಸ್ಯಗಳ ದತ್ತಸಂಚಯ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಒಂದು ಕೋಷ್ಟಕ ತೆರೆದು ನಾಲ್ಕು ಕಾಲಂ ಹಾಕಿಬಿಡುತ್ತಾರೆ: ಸಸ್ಯದ ಹೆಸರು, ಬಳಸುವ ಭಾಗ, ಮದ್ದು ಮಾಡುವ ವಿಧಾನ, ಯಾವ ಕಾಯಿಲೆಗೆ. ಇದನ್ನು ಹೇಳಿದವರು ಯಾರು, ಹೇಳುವ ಅಧಿಕಾರ ಅವರಿಗೆ ಹೇಗೆ ಬಂತು, ಯಾರು ಕೇಳಿಸಿಕೊಳ್ಳಬಹುದು ಎಂಬ ಕಾಲಂಗಳು ಅಲ್ಲಿ ಇರುವುದಿಲ್ಲ. ಆಸ್ಟ್ರೇಲಿಯದ ಅಬೊರಿಜಿನಲ್, ಅಂದರೆ ಮೂಲನಿವಾಸಿ, ಸಮುದಾಯಗಳ ವಿಷಯದಲ್ಲಿ ಬಿಟ್ಟುಹೋದ ಈ ಮೂರು ಪ್ರಶ್ನೆಗಳೇ ಮೊದಲು ಬರಬೇಕಾದವು. ಯಾವ ತಂತ್ರಾಂಶ ಒಳ್ಳೆಯದು ಎಂಬುದು ಅವುಗಳಿಗೆ ಉತ್ತರ ಸಿಕ್ಕ ಮೇಲೆ ಕೇಳಬೇಕಾದ ಮಾತು.

ಕಾಲಂ ಒಂದು ಜ್ಞಾನವನ್ನು ಹೇಗೆ ತಿರುಚಬಲ್ಲದು ಎಂಬುದನ್ನು ನಾನು ಕಂಡದ್ದು ಮಲೆನಾಡಿನಲ್ಲಿ, ಜನತಾ ಜೀವವೈವಿಧ್ಯ ದಾಖಲಾತಿಯ ನಮೂನೆ ತುಂಬಿಸಲು ನೆರವಾಗುತ್ತಿದ್ದಾಗ. ವಯಸ್ಸಾದ ನಾಟಿ ವೈದ್ಯರೊಬ್ಬರು ಗಿಡ ತೋರಿಸಿದರು, ಹೆಸರು ಹೇಳಿದರು. ವಿಧಾನ ಕೇಳಿದಾಗ, "ಅದು ಬರ್ಕೊಂಡ್ರೆ ಬರೋದಲ್ಲ ಮಾರಾಯ್ರೆ, ಬೇಕಾದವ್ರು ಇಲ್ಲಿಗೇ ಬರ್ಲಿ" ಎಂದು ಎದ್ದು ಒಳಗೆ ಹೋದರು. ನಾವು ಆ ಜಾಗವನ್ನು ಖಾಲಿ ಬಿಟ್ಟೆವು. ಕೆಲವು ತಿಂಗಳ ನಂತರ ಗಣಕದಲ್ಲಿ ನಮೂದಾದ ಪ್ರತಿ ನೋಡಿದರೆ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಯಾವುದೋ ಪುಸ್ತಕದಿಂದ ತೆಗೆದ ಕಷಾಯದ ವಿಧಾನ ಅದೇ ವೈದ್ಯರ ಹೆಸರಿನ ಮುಂದೆ ಕೂತಿತ್ತು. ಖಾಲಿ ಕಾಲಂ ಎಂದರೆ ಅಪೂರ್ಣ ಕೆಲಸ ಎಂದು ಯಾರೋ ತಿಳಿದಿದ್ದರು. ಆ ಹಿರಿಯರ ಮೌನವೂ ಒಂದು ಉತ್ತರ ಎಂದು ದಾಖಲಿಸಲು ನಮೂನೆಯಲ್ಲಿ ಜಾಗವೇ ಇರಲಿಲ್ಲ. ಆಸ್ಟ್ರೇಲಿಯದ ದತ್ತಸಂಚಯಗಳನ್ನು ಹೋಲಿಸುವಾಗ ನಾನು ಮೊದಲು ಹುಡುಕುವುದು ಆ ಜಾಗವನ್ನೇ.

ಆಸ್ಟ್ರೇಲಿಯದ ಗ್ರಂಥಾಲಯ, ವಿಶ್ವವಿದ್ಯಾಲಯ, ತಂತ್ರಾಂಶ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಕೆಲವರ ಮುಂದಾದರೂ ಇಂಥ ಯೋಜನೆ ಒಂದು ದಿನ ಬಂದೀತು. ಈ ಹೋಲಿಕೆಯನ್ನು ಬರೆದಿರುವುದು ಮುಖ್ಯವಾಗಿ ಅವರಿಗಾಗಿ.

ಮೊದಲು ವಿಂಗಡಣೆ

ಬ್ರಿಟಿಷರು ನೆಲೆಯೂರುವ ಹೊತ್ತಿಗೆ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಹಾಗಾಗಿ 'ಅಬೊರಿಜಿನಲ್ ಔಷಧ ಜ್ಞಾನ' ಎಂಬ ಒಂದೇ ರಾಶಿ ಎಲ್ಲೂ ಇಲ್ಲ. ಇರುವುದು ಒಂದೊಂದು ಸೀಮೆಗೆ, ಒಂದೊಂದು ಕುಲಕ್ಕೆ, ಕೆಲವೊಮ್ಮೆ ಒಂದೇ ಮನೆತನಕ್ಕೆ ಸೇರಿದ ತಿಳಿವಳಿಕೆ. ಒಂದೇ ಸಮುದಾಯದೊಳಗೂ ಎಲ್ಲ ಸಂಗತಿಗಳು ಒಂದೇ ತೂಕದವಲ್ಲ. ಮಧ್ಯ ಆಸ್ಟ್ರೇಲಿಯದ ಅನಂಗು ಜನರ ಇರ್ಮಂಕ-ಇರ್ಮಂಕ ಎಂಬ ಪೊದೆಯನ್ನೇ ನೋಡಿ. ಇದರ ಸಸ್ಯಶಾಸ್ತ್ರೀಯ ಹೆಸರು ಎರೆಮೊಫಿಲ ಆಲ್ಟರ್ನಿಫೋಲಿಯ. ಇದರ ಎಲೆಯನ್ನು ಅರೆದು ಹಿಂದೆ ಪ್ರಾಣಿಯ ಕೊಬ್ಬಿನಲ್ಲಿ ಕಲೆಸಿ ಮೈಗೆ ತಿಕ್ಕುತ್ತಿದ್ದರು. ಈಗ ಆಲಿವ್ ಎಣ್ಣೆ ಮತ್ತು ಜೇನುಮೇಣದಲ್ಲಿ ಮಾಡಿದ ಲೇಪವನ್ನು ಸಮುದಾಯದವರೇ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಇಷ್ಟು ಬಹಿರಂಗವಾಗಿರಬೇಕು ಎಂದು ಅವರೇ ತೀರ್ಮಾನಿಸಿದ್ದಾರೆ. ಆದರೆ ಒಂದು ಗಿಡ ನಿಂತ ಜಾಗದ ಕಥೆ, ಅದರ ಹಾಡು, ಹೆಂಗಸರು ಮಾತ್ರ ಅಥವಾ ಗಂಡಸರು ಮಾತ್ರ ತಿಳಿಯಬೇಕಾದ ವಿಧಿ ಇವೆಲ್ಲ ಬೇರೆಯೇ ಮಾತು.

ಆದ್ದರಿಂದ ತಂತ್ರಾಂಶ ನೋಡುವ ಮುಂಚೆ ಹಿರಿಯರೊಡನೆ ಕೂತು ಮೂರು ಪದರ ಮಾಡಿಕೊಳ್ಳುವುದು ಒಳ್ಳೆಯದು. ಗಿಡದ ಹೆಸರು, ಚಿತ್ರ, ಆ ಭಾಷೆಯಲ್ಲಿ ಅದನ್ನು ಉಚ್ಚರಿಸುವ ಧ್ವನಿ ಮೊದಲನೆಯದು. ಮದ್ದಿನ ತಯಾರಿ, ಪ್ರಮಾಣ, ಪಥ್ಯ ಎರಡನೆಯದು. ಸ್ಥಳ, ಕಥೆ, ವಿಧಿ ಮೂರನೆಯದು. ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಸಮುದಾಯವೇ ಹೇಳಬೇಕು. ಕೆಲವೆಡೆ ಗಿಡದ ಹೆಸರೇ ಮೂರನೆಯ ಪದರಕ್ಕೆ ಸೇರಬಹುದು. ಈ ವಿಂಗಡಣೆ ಇಲ್ಲದೆ ಎಲ್ಲವನ್ನೂ ಒಂದೇ ದತ್ತಸಂಚಯಕ್ಕೆ ತುಂಬುವುದೇ ನನ್ನ ದೃಷ್ಟಿಯಲ್ಲಿ ಇಂಥ ಯೋಜನೆಗಳ ಅತಿ ದೊಡ್ಡ ತಪ್ಪು. ಬೇರೆ ಬೇರೆ ಪದರಕ್ಕೆ ಬೇರೆ ಬೇರೆ ಮನೆ ಬೇಕು.

ಎಲ್ಲರಿಗೂ ತೆರೆದ ದತ್ತಸಂಚಯ

ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು 2008ರ ಸುಮಾರಿಗೆ ಆಸ್ಟ್ರೇಲಿಯದ ಔಷಧೀಯ ಸಸ್ಯಗಳ ಬಗ್ಗೆ ಅದಾಗಲೇ ಅಚ್ಚಾಗಿದ್ದ ಮಾಹಿತಿಯನ್ನು ಒಟ್ಟುಗೂಡಿಸಿ ಒಂದು ಜ್ಞಾನಕೋಶ ಕಟ್ಟಿದರು. ಸಸ್ಯದ ವರ್ಗೀಕರಣ, ಸಾಂಪ್ರದಾಯಿಕ ಬಳಕೆ, ರಾಸಾಯನಿಕ ಅಂಶಗಳು, ಪ್ರಯೋಗಾಲಯದ ಫಲಿತಾಂಶಗಳು ಒಂದೇ ಕಡೆ ಸಿಗುವಂತಾಯಿತು. ಅಲ್ಲಿನ ಸಂಶೋಧಕರ ಗುಂಪು ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದ ಯೇಗ್ಲ್ ಹಿರಿಯರೊಡನೆ ಕೆಲಸ ಮಾಡಿದೆ. ನಮ್ಮ ನಾಗಾಲ್ಯಾಂಡಿನ ಚುಂಗ್ಟಿಯ ಎಂಬ ಹಳ್ಳಿಯವರೊಡನೆಯೂ ಮಾಡಿದೆ.

ತೆರೆದ ದತ್ತಸಂಚಯದ ಲಾಭ ಸ್ಪಷ್ಟ. ವಿದ್ಯಾರ್ಥಿಗೆ, ವೈದ್ಯರಿಗೆ, ಊರು ಬಿಟ್ಟು ನಗರ ಸೇರಿದ ಮೊಮ್ಮಗಳಿಗೆ ಅದು ಕೈಗೆಟಕುತ್ತದೆ, ಖರ್ಚೂ ಕಡಿಮೆ. ಈಗಾಗಲೇ ಪುಸ್ತಕಗಳಲ್ಲಿ ಚೆದುರಿಹೋದುದನ್ನು ಒಟ್ಟುಗೂಡಿಸಲು, ಮೂಲ ಯಾರದೆಂದು ಮತ್ತೆ ಗುರುತಿಸಲು ಇದು ಸರಿಯಾದ ದಾರಿ. ಇದುವರೆಗೆ ಬರಹಕ್ಕೆ ಇಳಿಯದ ಮಾತನ್ನು ಮಾತ್ರ ಮೊದಲ ಬಾರಿಗೆ ಇಲ್ಲಿ ಇಡಬಾರದು. ಒಮ್ಮೆ ತೆರೆದ ಪುಟವನ್ನು ಮುಚ್ಚಿದರೂ ಅದರ ಪ್ರತಿಗಳು ಉಳಿಯುತ್ತವೆ. 1976ರಲ್ಲಿ ಪಿಟ್ಜಂಟ್ಜಟ್ಜಾರ ಪುರುಷರು ನಾರ್ದರ್ನ್ ಟೆರಿಟರಿಯ ಸುಪ್ರೀಂ ಕೋರ್ಟಿಗೆ ಹೋಗಿ, 1940ರಲ್ಲಿ ತಮ್ಮ ಹಿರಿಯರು ಮಾನವಶಾಸ್ತ್ರಜ್ಞರೊಬ್ಬರಿಗೆ ನಂಬಿಕೆಯಿಂದ ಹೇಳಿದ್ದ ಗುಟ್ಟಿನ ಸಂಗತಿಗಳಿದ್ದ ಪುಸ್ತಕದ ಮಾರಾಟಕ್ಕೆ ಆ ಪ್ರಾಂತ್ಯದಲ್ಲಿ ತಡೆಯಾಜ್ಞೆ ತಂದರು. ಪುಸ್ತಕವಾದ್ದರಿಂದ ಅಂಗಡಿಯಿಂದ ಹಿಂದೆಗೆಯಲು ಸಾಧ್ಯವಾಯಿತು. ಅಂತರ್ಜಾಲದಿಂದ ಹಾಗೆ ಹಿಂದೆಗೆದುಕೊಳ್ಳುವ ದಾರಿ ಇಲ್ಲ.

ಇದೇ ಗುಂಪಿಗೆ ಸೇರಿದರೂ ನನಗೆ ಹೆಚ್ಚು ಮೆಚ್ಚುಗೆಯಾದ ಒಂದು ಕ್ರಮವಿದೆ. ಅಟ್ಲಾಸ್ ಆಫ್ ಲಿವಿಂಗ್ ಆಸ್ಟ್ರೇಲಿಯ ಎಂಬ ರಾಷ್ಟ್ರೀಯ ಜೀವವೈವಿಧ್ಯ ದತ್ತಸಂಚಯದಲ್ಲಿ ವೈಜ್ಞಾನಿಕ ಹೆಸರಿನ ಪಕ್ಕದಲ್ಲೇ ಸ್ಥಳೀಯ ಭಾಷೆಯ ಹೆಸರನ್ನೂ ಸೇರಿಸಲು ಅವಕಾಶವಿದೆ. ಹೆಸರನ್ನು ಕೊಟ್ಟು ಮದ್ದನ್ನು ಕೊಡದಿರುವುದು ಇಲ್ಲಿ ಸಾಧ್ಯ. ಮೊದಲ ಪದರಕ್ಕೆ ಇದಕ್ಕಿಂತ ಸುಲಭವಾದ, ಬಾಳಿಕೆಯ ಜಾಗ ಬೇರೊಂದಿಲ್ಲ. ಗಿಡ ಕಂಡ ಜಾಗದ ನಿಖರ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಮಸುಕು ಮಾಡಿಯೇ ಸೇರಿಸಬೇಕು. ಇಲ್ಲದಿದ್ದರೆ ತೊಗಟೆ ಸುಲಿಯುವವರಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ.

ಪೇಟೆಂಟ್ ಕಚೇರಿಗಾಗಿ ಕಟ್ಟಿದ ಗ್ರಂಥಾಲಯ

ಭಾರತೀಯರಾದ ನಮಗೆ ಮೊದಲು ನೆನಪಾಗುವ ಮಾದರಿ ಇದು. ಗಾಯ ಮಾಯುವುದಕ್ಕೆ ಅರಿಶಿನ ಬಳಸುವ ಬಗ್ಗೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳ ಆಧಾರ ಒದಗಿಸಿ ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಪ್ರತಿ ಬಾರಿಯೂ ಹೀಗೆ ಹೋರಾಡುವ ಬದಲು ಆಧಾರಗಳನ್ನು ಮೊದಲೇ ಪೇಟೆಂಟ್ ಪರೀಕ್ಷಕರ ಮೇಜಿನ ಮೇಲಿಡೋಣ ಎಂದು 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ, ಅಂದರೆ ಟಿಕೆಡಿಎಲ್ ಆರಂಭವಾಯಿತು. ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ಔಷಧ ಯೋಗಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಒದಗಿಸುವ ಈ ಗ್ರಂಥಾಲಯವನ್ನು ಗೋಪ್ಯತೆಯ ಒಪ್ಪಂದದ ಮೇಲೆ ಹಲವು ದೇಶಗಳ ಪೇಟೆಂಟ್ ಕಚೇರಿಗಳಿಗೆ ತೆರೆಯಲಾಗಿದ್ದು, ಆಸ್ಟ್ರೇಲಿಯದ ಕಚೇರಿಯೂ ಅವುಗಳಲ್ಲಿ ಒಂದು.

ಈ ಮಾದರಿಯನ್ನು ಹಾಗೇ ಎತ್ತಿ ಆಸ್ಟ್ರೇಲಿಯದಲ್ಲಿ ನೆಡಬಹುದೆಂದು ಹಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಟಿಕೆಡಿಎಲ್ ನಿಂತಿರುವುದು ನೂರಾರು ವರ್ಷಗಳ ಹಿಂದೆಯೇ ಬರಹವಾಗಿ, ಯಾರು ಬೇಕಾದರೂ ಓದಬಹುದಾದ ಗ್ರಂಥಗಳ ಮೇಲೆ. ಅದರಲ್ಲಿ ಹೊಸದಾಗಿ ಬಯಲಾಗುವ ಗುಟ್ಟು ಯಾವುದೂ ಇಲ್ಲ. ಅಬೊರಿಜಿನಲ್ ಜ್ಞಾನವಾದರೋ ಬಾಯಿಂದ ಕಿವಿಗೆ, ಕೈಯಿಂದ ಕೈಗೆ ಬಂದದ್ದು. ಅದನ್ನು 'ಇದು ಹಿಂದೆಯೇ ತಿಳಿದಿತ್ತು' ಎಂದು ತೋರಿಸಲು ದಾಖಲಿಸಿ ಬಹಿರಂಗಪಡಿಸಿದರೆ ಇತರರು ಪೇಟೆಂಟ್ ಪಡೆಯುವುದು ನಿಲ್ಲಬಹುದು. ಆದರೆ ಅದೇ ಏಟಿಗೆ ಸಮುದಾಯ ತಾನೇ ಪೇಟೆಂಟ್ ಪಡೆಯುವ ಅವಕಾಶವೂ ಕೈಬಿಟ್ಟುಹೋಗುತ್ತದೆ, ಪೇಟೆಂಟ್ ಇಲ್ಲದೆಯೇ ಲಾಭ ಮಾಡುವವರಿಗೆ ತಡೆಯೂ ಇರುವುದಿಲ್ಲ.

ಈ ನಷ್ಟ ಬರಿಯ ಊಹೆಯಲ್ಲ. ವೆಸ್ಟರ್ನ್ ಆಸ್ಟ್ರೇಲಿಯದ ಕಿಂಬರ್ಲಿ ಪ್ರದೇಶದ ಜಾರ್ಲ್ಮಡಂಗಾ ಬುರು ಸಮುದಾಯ ಮುಡ್ಜಾಲ ಎಂಬ ಮರದ ತೊಗಟೆಯ ನೋವು ಶಮನಗೊಳಿಸುವ ಗುಣವನ್ನು ಗ್ರಿಫಿತ್ ವಿಶ್ವವಿದ್ಯಾಲಯದೊಡನೆ ಸೇರಿ ಶೋಧಿಸಿ, ಪೇಟೆಂಟಿನಲ್ಲಿ ಪಾಲುದಾರನಾಯಿತು. ಆ ಮರದ ಸಸ್ಯಶಾಸ್ತ್ರೀಯ ಹೆಸರು ಬ್ಯಾರಿಂಗ್ಟೋನಿಯ ಅಕ್ಯೂಟಾಂಗುಲ. ನಮ್ಮ ಸಂಸ್ಕೃತ ನಿಘಂಟುಗಳ ಹಿಜ್ಜಲವೂ ಇದೇ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೇಪ್ ಯಾರ್ಕಿನ ಚೂಲಾಂಗುನ್ ಸಂಸ್ಥೆಯ ಮೂಲಕ ನಾರ್ದರ್ನ್ ಕಾಂಜು ಜನರು ಡೊಡೊನಿಯ ಪಾಲಿಯಾಂಡ್ರ ಎಂಬ ಗಿಡದ ವಿಷಯದಲ್ಲಿ ಯೂನಿವರ್ಸಿಟಿ ಆಫ್ ಸೌತ್ ಆಸ್ಟ್ರೇಲಿಯದೊಡನೆ ಇಂಥದೇ ಹಾದಿ ಹಿಡಿದರು. ಈ ಡೊಡೊನಿಯ ನಮ್ಮ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಬೆಳೆಯುವ ಬಂದರೆ ಗಿಡದ ಹತ್ತಿರದ ನಂಟ. ಆ ಮಾಹಿತಿಯೆಲ್ಲ ಹತ್ತು ವರ್ಷ ಮೊದಲೇ ತೆರೆದ ದತ್ತಸಂಚಯದಲ್ಲಿ ಇದ್ದಿದ್ದರೆ ಈ ಸಮುದಾಯಗಳ ಕೈಯಲ್ಲಿ ಮಾತುಕತೆಗೆ ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಬದಿಯಲ್ಲಿ ಸ್ಮೋಕ್‌ಬುಷ್ ಪ್ರಕರಣವಿದೆ. ವೆಸ್ಟರ್ನ್ ಆಸ್ಟ್ರೇಲಿಯದ ಕೊನೊಸ್ಪರ್ಮಮ್ ಜಾತಿಯ ಈ ಪೊದೆಯನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರ ದಶಕದಲ್ಲಿ ಸಂಗ್ರಹಿಸಿ ಪರೀಕ್ಷಿಸಿತ್ತು. 1980ರ ದಶಕದ ಕೊನೆಯಲ್ಲಿ ಅದರ ಒಂದು ರಾಸಾಯನಿಕ ಎಚ್‌ಐವಿ ವಿರುದ್ಧ ಪ್ರಯೋಗಾಲಯದಲ್ಲಿ ಭರವಸೆ ತೋರಿಸಿತು. ಸಂಶೋಧನೆಯ ಪರವಾನಗಿಯ ಮಾತುಕತೆ ನಡೆದದ್ದು ಸರ್ಕಾರ, ಸಂಸ್ಥೆ ಮತ್ತು ಕಂಪನಿಗಳ ನಡುವೆ. ಆ ಗಿಡವನ್ನು ತಲೆಮಾರುಗಳಿಂದ ಬಳಸಿದ್ದ ಜನರಿಗೆ ಆ ಮಾತುಕತೆಯಲ್ಲಿ ಜಾಗವಿರಲಿಲ್ಲ. ಪರೀಕ್ಷಕರಿಗೆ ಮಾತ್ರ ತೆರೆಯುವ ರಹಸ್ಯ ದಾಖಲೆ ಇದ್ದಿದ್ದರೆ ಉಪಯೋಗವಾಗುತ್ತಿತ್ತೇನೋ ಎಂಬ ಯೋಚನೆ ಬರುವುದು ಸಹಜ. ಅಂಥ ದಾಖಲೆ ಸಮುದಾಯದ ಒಪ್ಪಿಗೆಯಿಂದ, ಈಗಾಗಲೇ ಅಚ್ಚಾದ ಭಾಗಕ್ಕೆ ಮಾತ್ರ ಸೀಮಿತವಾಗಿದ್ದರೆ ನನ್ನ ತಕರಾರಿಲ್ಲ. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕಾರವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಒಪ್ಪಂದ, ಜಾರಿಗೆ ಬಂದಾಗ, ಪೇಟೆಂಟ್ ಕೇಳುವವರೇ ತಾವು ಆಧರಿಸಿದ ಸಾಂಪ್ರದಾಯಿಕ ಜ್ಞಾನದ ಮೂಲವನ್ನು ಹೇಳಬೇಕೆಂದು ವಿಧಿಸುತ್ತದೆ. ಸಾಬೀತುಪಡಿಸುವ ಹೊರೆ ಜ್ಞಾನ ಹೇಳಿದವರ ಹೆಗಲಿನಿಂದ ಪೇಟೆಂಟ್ ಕೇಳುವವರ ಹೆಗಲಿಗೆ ಸ್ವಲ್ಪವಾದರೂ ಸರಿಯುವುದು ನ್ಯಾಯವೇ. ಕ್ವೀನ್ಸ್‌ಲ್ಯಾಂಡ್ ರಾಜ್ಯ ತನ್ನ 2004ರ ಜೈವಿಕ ಶೋಧನೆಯ ಕಾಯಿದೆಯನ್ನು 2020ರಲ್ಲಿ ತಿದ್ದಿ, ಸಾಂಪ್ರದಾಯಿಕ ಜ್ಞಾನ ಬಳಸುವವರು ಅದರ ಒಡೆಯರೊಡನೆ ಒಪ್ಪಂದ ಮಾಡಿಕೊಳ್ಳಬೇಕೆಂಬ ನಿಯಮ ತಂದಿದೆ.

ಸಮುದಾಯದ ಕೈಯಲ್ಲೇ ಬೀಗ: ಮುಕುರ್ಟು ಮತ್ತು ಅರಾ ಇರಿಟಿಟ್ಜಾ

ಎರಡನೆಯ ಪದರಕ್ಕೆ, ಅಂದರೆ ಮದ್ದಿನ ವಿಧಾನಕ್ಕೆ, ನಿಜವಾದ ಹೋಲಿಕೆ ಇರುವುದು ಈ ಎರಡರ ನಡುವೆ.

ಮುಕುರ್ಟು ಎಂಬ ತಂತ್ರಾಂಶ ಹುಟ್ಟಿದ್ದು ನಾರ್ದರ್ನ್ ಟೆರಿಟರಿಯ ಟೆನಂಟ್ ಕ್ರೀಕ್‌ನಲ್ಲಿ, ವರುಮುಂಗು ಜನರು ಮತ್ತು ಕಿಂಬರ್ಲಿ ಕ್ರಿಸ್ಟನ್ ಎಂಬ ಅಮೆರಿಕನ್ ವಿದ್ವಾಂಸರು ಕೂಡಿ ಮಾಡಿದ ಕೆಲಸವಾಗಿ. ಅದರ ಮೊದಲ ರೂಪ 2007ರಲ್ಲಿ ಬಳಕೆಗೆ ಬಂತು. ವರುಮುಂಗು ಭಾಷೆಯಲ್ಲಿ ಆ ಮಾತಿಗೆ ಹಿರಿಯರು ಬೆಲೆಬಾಳುವ ವಸ್ತುಗಳನ್ನು ಇಟ್ಟುಕೊಳ್ಳುತ್ತಿದ್ದ ಹೆಣೆದ ಚೀಲ ಎಂದರ್ಥ. ಚೀಲದಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಕಿರಿಯರು ಹಿರಿಯರ ಬಳಿಗೆ ಹೋಗಿ ಕೇಳಬೇಕು. ತಂತ್ರಾಂಶ ನಡೆಯುವುದೂ ಅದೇ ರೀತಿ: ಯಾವ ವಸ್ತುವನ್ನು ಸೇರಿಸಿದರೂ ಅದು ಯಾವ ಸಮುದಾಯದ್ದು, ಯಾವ ರೂಢಿಯ ನಿಯಮಕ್ಕೆ ಒಳಪಟ್ಟದ್ದು ಎಂದು ಮೊದಲೇ ಹೇಳಬೇಕು. ನಿಯಮವನ್ನು ಸಮುದಾಯವೇ ರಚಿಸುತ್ತದೆ. ಒಂದೇ ಚಿತ್ರದ ಕೆಳಗೆ ಎರಡು ಸಮುದಾಯಗಳು ತಂತಮ್ಮ ದಾಖಲೆಯನ್ನು ಬೇರೆ ಬೇರೆಯಾಗಿ ಇಡಬಹುದು. ಔಷಧೀಯ ಸಸ್ಯಗಳಿಗೆ ಇದು ಬಹಳ ಬೇಕಾದ ಸೌಕರ್ಯ, ಏಕೆಂದರೆ ಒಂದೇ ಗಿಡ ಒಂದು ಸೀಮೆಯಲ್ಲಿ ಹಲ್ಲುನೋವಿಗೂ ಪಕ್ಕದ ಸೀಮೆಯಲ್ಲಿ ಗಾಯಕ್ಕೂ ಬರುತ್ತದೆ, ಯಾರದ್ದು ಸರಿ ಎಂದು ತೀರ್ಪು ಕೊಡುವ ಅಧಿಕಾರ ದತ್ತಸಂಚಯಕ್ಕಿಲ್ಲ. ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಯೋಜನೆ ರೂಪಿಸಿದ ಗುರುತುಪಟ್ಟಿಗಳನ್ನೂ ಇಲ್ಲಿ ಅಂಟಿಸಬಹುದು: ವ್ಯಾಪಾರಕ್ಕಲ್ಲ, ಹೆಂಗಸರಿಗೆ ಮಾತ್ರ, ಇಂಥ ಋತುವಿನಲ್ಲಿ ಮಾತ್ರ ಎಂಬಂಥವು. ಕಾನೂನಿನ ಬಲ ಅವುಗಳಿಗಿಲ್ಲ, ನೋಡುವವರಿಗೆ ಎಚ್ಚರಿಕೆ ಹೇಳುವ ಬಲ ಇದೆ.

ಮುಕುರ್ಟು ಉಚಿತ, ಮುಕ್ತ ಆಕರ ತಂತ್ರಾಂಶ. ಇದನ್ನು ನೋಡಿಕೊಳ್ಳುವುದು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ. ಉಚಿತ ಎಂದ ಮಾತ್ರಕ್ಕೆ ಖರ್ಚಿಲ್ಲ ಎಂದು ತಿಳಿಯಬಾರದು. ಇದು ದ್ರುಪಾಲ್ ಎಂಬ ಜಾಲತಾಣ ಕಟ್ಟುವ ತಂತ್ರಾಂಶದ ಮೇಲೆ ನಿಂತಿದೆ, ಸರ್ವರ್ ಬೇಕು, ಕಾಲಕಾಲಕ್ಕೆ ನವೀಕರಿಸುವ ಕೈ ಬೇಕು. ದ್ರುಪಾಲ್ 7ರ ಅಧಿಕೃತ ಬೆಂಬಲ 2025ರ ಜನವರಿಯಲ್ಲಿ ನಿಂತಾಗ ಅದರ ಮೇಲಿದ್ದ ಹಳೆಯ ಮುಕುರ್ಟು ತಾಣಗಳೆಲ್ಲ ಹೊಸ ಆವೃತ್ತಿಗೆ ಹೋಗುವುದು ಅನಿವಾರ್ಯವಾಯಿತು. ಮೂರು ವರ್ಷದ ಅನುದಾನ ಮುಗಿದ ಮೇಲೆ ಈ ಕೆಲಸ ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮುಕುರ್ಟು ಹಾಕಬೇಡಿ ಎಂದೇ ನಾನು ಹೇಳುತ್ತೇನೆ.

ಅರಾ ಇರಿಟಿಟ್ಜಾ ಇದಕ್ಕಿಂತ ಹಳೆಯದು. 1994ರಲ್ಲಿ ಮಧ್ಯ ಆಸ್ಟ್ರೇಲಿಯದ ಅನಂಗು ಜನರಿಗಾಗಿ ಆರಂಭವಾದ ಈ ಸಂಗ್ರಹದ ಹೆಸರಿಗೆ ಬಹುಕಾಲದ ಹಿಂದಿನ ಕಥೆಗಳು ಎಂದರ್ಥ. ವಸ್ತುಸಂಗ್ರಹಾಲಯಗಳಿಗೂ ಖಾಸಗಿ ಪೆಟ್ಟಿಗೆಗಳಿಗೂ ಹೋಗಿ ಸೇರಿದ್ದ ಚಿತ್ರ, ಧ್ವನಿ, ಬರಹಗಳನ್ನು ಊರಿಗೆ ಮರಳಿಸುವುದು ಅದರ ಮೊದಲ ಉದ್ದೇಶವಾಗಿತ್ತು. ಫೈಲ್‌ಮೇಕರ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ದತ್ತಸಂಚಯ ಮುಂದೆ ಕೀಪಿಂಗ್ ಕಲ್ಚರ್ ಎಂಬ ಪ್ರತ್ಯೇಕ ತಂತ್ರಾಂಶವಾಗಿ ಬೆಳೆಯಿತು, ಬೇರೆ ಸಮುದಾಯಗಳೂ ಅದನ್ನು ಪರವಾನಗಿ ಪಡೆದು ಬಳಸಬಹುದು. ಇದರ ಗಟ್ಟಿತನ ಇರುವುದು ಮರಳುಗಾಡಿನ ದೂರದ ಊರುಗಳಲ್ಲಿ, ಧೂಳು, ಸೆಕೆ, ಕೈಕೊಡುವ ಅಂತರ್ಜಾಲದ ನಡುವೆ ಬಳಸಿ ಕಲಿತ ಪಾಠಗಳಲ್ಲಿ. ಗಂಡಸರ ಸಂಗತಿ, ಹೆಂಗಸರ ಸಂಗತಿ, ದುಃಖದ ಸಂಗತಿ ಎಂಬ ವಿಭಾಗಗಳು ಅದರ ಅಡಿಪಾಯದಲ್ಲೇ ಇವೆ. ಅಲ್ಲಿನ ಹಲವು ಸಮುದಾಯಗಳಲ್ಲಿ ಒಬ್ಬರು ತೀರಿಕೊಂಡ ಮೇಲೆ ಶೋಕದ ಅವಧಿ ಮುಗಿಯುವ ತನಕ ಅವರ ಹೆಸರನ್ನು ಹೇಳುವುದಿಲ್ಲ, ಚಿತ್ರ ತೋರಿಸುವುದಿಲ್ಲ, ಧ್ವನಿ ಕೇಳಿಸುವುದಿಲ್ಲ. ಮದ್ದಿನ ಬಗ್ಗೆ ಮಾತಾಡಿದ ಅಜ್ಜಿ ತೀರಿಕೊಂಡ ದಿನ ಆಕೆಯ ವಿಡಿಯೊ ಮೊಮ್ಮಕ್ಕಳ ಪರದೆಯ ಮೇಲೆ ತಾನಾಗಿ ತೆರೆದುಕೊಂಡರೆ ಆಗುವ ನೋವನ್ನು ಯಾವ ತಂತ್ರಜ್ಞರೂ ಸರಿಪಡಿಸಲಾರರು. ಆಕೆಗೆ ಸಂಬಂಧಿಸಿದ ಎಲ್ಲವನ್ನೂ ಒಂದೇ ಬಾರಿಗೆ ಮರೆಮಾಡಿ, ಮನೆಯವರು ಹೇಳಿದಾಗ ಮತ್ತೆ ತೆರೆಯುವ ಸೌಲಭ್ಯ ಇದೆಯೇ ಎಂಬುದು ನನ್ನ ಪಟ್ಟಿಯ ಮೊದಲ ಪ್ರಶ್ನೆ.

ತಂತ್ರಾಂಶ ಬಲ್ಲವರು ಜೊತೆಗಿದ್ದು, ಹಲವು ಸಮುದಾಯಗಳು ಒಂದೇ ತಾಣವನ್ನು ಹಂಚಿಕೊಳ್ಳುವುದಾದರೆ ಮುಕುರ್ಟು ಸೂಕ್ತ. ಒಂದೇ ಸಮುದಾಯ, ದೂರದ ಊರು, ತಾಂತ್ರಿಕ ಕೈಗಳ ಕೊರತೆ, ಆದರೆ ವರ್ಷವರ್ಷ ಸ್ವಲ್ಪ ಹಣ ಖಚಿತ ಎನ್ನುವುದಾದರೆ, ಫೋನ್ ಎತ್ತಿದರೆ ಉತ್ತರ ಕೊಡುವವರಿರುವ ಪಾವತಿ ತಂತ್ರಾಂಶವೇ ಮೇಲು.

ಸಂಸ್ಥೆಯ ಕಪಾಟು

ಕ್ಯಾನ್‌ಬೆರಾದ ಏಯಾಟ್ಸಿಸ್ 1964ರಿಂದ ಈ ಸಮುದಾಯಗಳ ದಾಖಲೆಗಳನ್ನು ಕಾಪಾಡುತ್ತಿರುವ ರಾಷ್ಟ್ರೀಯ ಸಂಸ್ಥೆ. ಕೇರ್ನ್ಸ್‌ನ ಆಸ್ಟ್ರೇಲಿಯನ್ ಟ್ರಾಪಿಕಲ್ ಹರ್ಬೇರಿಯಂ ಎಂಬ ಒಣಗಿಸಿದ ಸಸ್ಯಮಾದರಿಗಳ ಸಂಗ್ರಹಾಲಯದಲ್ಲಿ ಮೂಲನಿವಾಸಿ ಸಸ್ಯಜ್ಞಾನಕ್ಕೆಂದೇ ಒಂದು ಕೇಂದ್ರವಿದೆ. ಬಾಳಿಕೆಯಲ್ಲಿ ಇವುಗಳನ್ನು ಮೀರಿಸುವುದು ಕಷ್ಟ; ಸಮುದಾಯದ ಸರ್ವರ್ ಸುಟ್ಟುಹೋದರೂ ಅಲ್ಲಿನ ಪ್ರತಿ ಉಳಿಯುತ್ತದೆ. ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಮಾದರಿ ಇಲ್ಲದಿದ್ದರೆ ಯಾವ ಗಿಡದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದೇ ಮುಂದೆ ಗೊಂದಲವಾಗುವ ಕಾರಣ, ಬೇರೆ ಏನೇ ಆರಿಸಿದರೂ ಮಾದರಿಯನ್ನು ಅಲ್ಲಿ ಇಡಿಸಲೇಬೇಕು. ಕೊರತೆ ದೂರದ್ದು: ಬೀಗದ ಕೈ ಸಾವಿರಾರು ಕಿಲೋಮೀಟರ್ ಆಚೆ ಇರುತ್ತದೆ. ಆದ್ದರಿಂದ ಠೇವಣಿ ಪತ್ರದಲ್ಲಿ ಯಾರ ಅನುಮತಿಯಿಂದ ತೆರೆಯಬೇಕು, ಆ ವ್ಯಕ್ತಿಯ ನಂತರ ಯಾರು ಎಂಬುದನ್ನು ಬರೆಸಿಕೊಳ್ಳಬೇಕು. ಏಯಾಟ್ಸಿಸ್ 2020ರಲ್ಲಿ ಹೊರತಂದ ಸಂಶೋಧನಾ ನೀತಿಸಂಹಿತೆಯನ್ನು ಯಾವ ಆಯ್ಕೆಯವರಾದರೂ ಮೊದಲು ಓದಿಕೊಳ್ಳುವುದು ಲೇಸು.

ಮೂರನೆಯ ಪದರಕ್ಕೆ ಇವುಗಳಲ್ಲಿ ಯಾವುದೂ ಬೇಡ ಎಂಬುದು ನನ್ನ ಅಭಿಪ್ರಾಯ. ಅದನ್ನು ಕಲಿಸಬೇಕಾದದ್ದು ಆ ನೆಲದ ಮೇಲೆ, ಗಿಡದ ಮುಂದೆ ನಿಂತು. ಯೋಜನೆಯ ಹಣದಲ್ಲಿ ಒಂದು ಪಾಲನ್ನು ಹಿರಿಯರು ಮತ್ತು ಮಕ್ಕಳು ಕೂಡಿ ಅಲ್ಲಿಗೆ ಹೋಗುವ ವಾಹನಕ್ಕೆ, ಡೀಸೆಲ್‌ಗೆ, ಬುತ್ತಿಗೆ ಮೀಸಲಿಡಬೇಕು. ದತ್ತಸಂಚಯದಲ್ಲಿ ಅಂಥ ಗಿಡದ ಪುಟ ತೆರೆದರೆ 'ಇದನ್ನು ಇಂಥ ಮನೆತನದವರಲ್ಲಿ ಕೇಳಿ' ಎಂಬ ಒಂದು ಸಾಲು ಇದ್ದರೆ ಸಾಕು, ಆ ಸಾಲಿಗೂ ಮನೆತನದವರ ಒಪ್ಪಿಗೆ ಬೇಕು.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಹತ್ತು ಗಿಡಗಳೊಡನೆ ಒಂದು ಪರೀಕ್ಷೆ ನಡೆಸಿ. ಮೊದಲು ಹಿರಿಯರಾಗಿ, ಆಮೇಲೆ ಊರಿನ ಹುಡುಗನಾಗಿ, ಹೆಂಗಸಾಗಿ, ಪಕ್ಕದ ಸಮುದಾಯದವರಾಗಿ, ಕೊನೆಗೆ ಯಾರೂ ಅಲ್ಲದ ಹೊರಗಿನವರಾಗಿ ಒಳಹೊಕ್ಕು, ಪ್ರತಿ ಬಾರಿ ಏನು ಕಾಣುತ್ತದೆ ಎಂದು ಹಿರಿಯರಿಗೇ ಪರದೆ ತೋರಿಸಿ. ಎಲ್ಲ ದಾಖಲೆಗಳನ್ನೂ ಧ್ವನಿ, ಚಿತ್ರ, ನಿಯಮಗಳ ಸಮೇತ ಒಂದು ಹಾರ್ಡ್ ಡಿಸ್ಕ್‌ಗೆ ಇಳಿಸಿ, ಆ ತಂತ್ರಾಂಶವಿಲ್ಲದ ಬೇರೊಂದು ಗಣಕದಲ್ಲಿ ತೆರೆದು ನೋಡಿ. ಆಮೇಲೆ ಹಿರಿಯರು ತೋರಿಸಿದ ಒಂದು ಗಿಡದ ದಾಖಲೆಯನ್ನು ಅವರ ಕಣ್ಣೆದುರಿಗೇ ಅಳಿಸಿ, ಬೆಳಿಗ್ಗೆ ಮಾಡಿಟ್ಟ ಬ್ಯಾಕಪ್ ಪ್ರತಿಯಿಂದಲೂ ಅದು ಹೋಗುವಂತೆ ಮಾಡಲು ಎಷ್ಟು ದಿನ ಬೇಕು ಎಂದು ತಂತ್ರಾಂಶದವರನ್ನು ಕೇಳಿ, ಅವರು ಹೇಳಿದ ಉತ್ತರವನ್ನು ಒಪ್ಪಂದದಲ್ಲಿ ಬರೆಸಿ.